ಬಾಹ್ಯಾಕಾಶ ಆರ್‌ಪಿಜಿಗಳಲ್ಲಿ ಮಾತಿನ ಹಣಾಹಣಿ, ಗುಂಡಿನ ಕಾಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಪಿಜಿ ಅಂದರೆ ಆಟಗಾರರು ಒಂದೊಂದು ಪಾತ್ರ ವಹಿಸಿ, ಮಾತು ಮತ್ತು ದಾಳದಿಂದ ಕಥೆ ನಡೆಸುವ ಆಟ. ಇಲ್ಲಿರುವ ಲೆಕ್ಕಗಳು ಬಹುಪಾಲು ‘ಟ್ರಾವೆಲರ್’ ಆಟದವು. ಮಾರ್ಕ್ ಮಿಲ್ಲರ್ ರೂಪಿಸಿದ ಈ ಆಟವನ್ನು ಗೇಮ್ ಡಿಸೈನರ್ಸ್ ವರ್ಕ್‌ಶಾಪ್ 1977ರಲ್ಲಿ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಹೊರತಂದಿತು. ನಾವು ಬಳಸಿರುವುದು ಮಂಗೂಸ್ ಪಬ್ಲಿಷಿಂಗ್‌ನ ಎರಡನೇ ಆವೃತ್ತಿ; 2016ರಲ್ಲಿ ಬಂದದ್ದು, 2022ರಲ್ಲಿ ಪರಿಷ್ಕರಣೆಯಾಗಿದೆ. ಬೇರೆ ಆಟದ ನಿಯಮ ಬಂದ ಕಡೆ ಅದರ ಹೆಸರು ಹೇಳಿದ್ದೇವೆ.

ಆಡಲು ಶುರು ಮಾಡೋಕೆ ಏನೇನು ಬೇಕು?

ಮಾಮೂಲಿ ಆರು ಮುಖದ ದಾಳ ಮೂರು, ಪೆನ್ಸಿಲ್, ಹಾಳೆ, ಮೂರು–ನಾಲ್ಕು ಜನ ಆಟಗಾರರು, ಒಬ್ಬ ರೆಫರಿ. ಆಟ ನಡೆಸುವವರನ್ನು, ಅಂದರೆ ಬೇರೆ ಆಟಗಳಲ್ಲಿ ಜಿಎಂ (ಗೇಮ್ ಮಾಸ್ಟರ್) ಅನ್ನುವವರನ್ನೇ, ಟ್ರಾವೆಲರ್‌ನಲ್ಲಿ ರೆಫರಿ ಎನ್ನುತ್ತಾರೆ. ದುಡ್ಡು ಹಾಕುವ ಮುನ್ನ ರುಚಿ ನೋಡಬೇಕೆನ್ನುವವರು ಕೆವಿನ್ ಕ್ರಾಫರ್ಡ್ ಅವರ ‘ಸ್ಟಾರ್ಸ್ ವಿದೌಟ್ ನಂಬರ್’ ಪರಿಷ್ಕೃತ ಆವೃತ್ತಿಯ ಉಚಿತ ಪಿಡಿಎಫ್ ಇಳಿಸಿಕೊಳ್ಳಬಹುದು. ಅದರಲ್ಲಿ ಮಾತಿಗೂ ಕಸುಬಿಗೂ ಎರಡು ಆರುಮುಖದ ದಾಳ, ಹೊಡೆದಾಟಕ್ಕೆ ಇಪ್ಪತ್ತು ಮುಖದ ದಾಳ.

ದಾಳದ ಲೆಕ್ಕ ಹೇಗೆ?

ಎರಡು ದಾಳ ಹಾಕಿ, ಕೂಡಿಸಿ, ಕೌಶಲದ ಅಂಕಿ ಸೇರಿಸಿ, ಪಾತ್ರದ ಗುಣದ (ಬಲ, ಚುರುಕುತನ, ತಾಳಿಕೆ, ಬುದ್ಧಿಯಂಥವು) ಮಾರ್ಪಾಡು ಸೇರಿಸಿ. ಸಾಧಾರಣ ಕೆಲಸಕ್ಕೆ ಮೊತ್ತ 8 ಮುಟ್ಟಬೇಕು, ಕಷ್ಟದ್ದಕ್ಕೆ 10, ಬಹಳ ಕಷ್ಟದ್ದಕ್ಕೆ 12. ಗುಣ 6ರಿಂದ 8 ಇದ್ದರೆ ಮಾರ್ಪಾಡು ಸೊನ್ನೆ. 9ರಿಂದ 11ಕ್ಕೆ +1, 12ರಿಂದ 14ಕ್ಕೆ +2, 3ರಿಂದ 5ಕ್ಕೆ -1. ಕೌಶಲವೇ ಇಲ್ಲದಿದ್ದರೆ -3.

ಗುರಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಬಿತ್ತು ಅನ್ನುವುದು ‘ಎಫೆಕ್ಟ್’. 8 ಬೇಕಿದ್ದಲ್ಲಿ 11 ಬಂದರೆ ಎಫೆಕ್ಟ್ +3, 6 ಬಂದರೆ -2. ಈ ಒಂದು ಅಂಕಿಯನ್ನು ಮರೆತರೆ ಅರ್ಧ ಆಟವೇ ಹೋದಂತೆ, ಯಾಕೆಂದರೆ ಮಾತಿನಲ್ಲಿ ಎದುರಿನವರು ಎಷ್ಟು ಬಗ್ಗಿದರು, ಗುಂಡಿನಲ್ಲಿ ಗಾಯ ಎಷ್ಟು ಆಳ ಅನ್ನುವುದೆರಡನ್ನೂ ಹೇಳುವುದು ಅದೇ.

ಇನ್ನು ಸಾಧ್ಯತೆ. ಬರೀ ಎರಡು ದಾಳದಲ್ಲಿ 8 ಅಥವಾ ಹೆಚ್ಚು ಬೀಳುವುದು ಶೇ 42. 6 ಸಾಕಾದರೆ ಶೇ 72. 10 ಬೇಕಾದರೆ ಶೇ 17 ಮಾತ್ರ. ಹಾಗಾಗಿ ರೆಫರಿ ಯೋಚಿಸದೆ ಹೇಳಿದ ಒಂದು ‘ಕಷ್ಟ’ ಕೂಡ ಭಾರೀ ಏಟು. ‘ಬೂನ್’ ಸಿಕ್ಕರೆ ಮೂರು ದಾಳ ಹಾಕಿ ದೊಡ್ಡ ಎರಡನ್ನು ಇಟ್ಟುಕೊಳ್ಳುತ್ತೀರಿ: 8 ಮುಟ್ಟುವ ಸಾಧ್ಯತೆ ಶೇ 42ರಿಂದ 68ಕ್ಕೆ ಏರುತ್ತದೆ. ‘ಬೇನ್’ ಅಂದರೆ ಚಿಕ್ಕ ಎರಡನ್ನು ಇಟ್ಟುಕೊಳ್ಳುವುದು: ಶೇ 19ಕ್ಕೆ ಕುಸಿಯುತ್ತದೆ. ಒಳ್ಳೆಯ ವಾದ ಹೂಡಿದ ಆಟಗಾರರಿಗೆ ಧಾರಾಳವಾಗಿ ಬೂನ್ ಕೊಡಿ. ಬೇನ್ ಕೊಡುವಾಗ ಕೈ ಬಿಗಿ ಇರಲಿ.

ಮಾತಿಗೂ ದಾಳ ಯಾಕೆ? ಆಟಗಾರರು ಮಾತಾಡಿದರೆ ಸಾಲದೆ?

ನಾಚಿಕೆ ಸ್ವಭಾವದ ಆಟಗಾರ್ತಿಯೊಬ್ಬರು ಚತುರ ರಾಯಭಾರಿಯ ಪಾತ್ರ ಆಡಬಹುದು. ಮಾತಿನಮಲ್ಲ ಆಟಗಾರನೊಬ್ಬ ಮುಂಗೋಪಿ ಮೆಕ್ಯಾನಿಕ್ ಆಗಿರಬಹುದು. ದಾಳ ಇಲ್ಲದಿದ್ದರೆ ಎರಡನೆಯವನೇ ಪ್ರತಿಸಲವೂ ಗೆಲ್ಲುತ್ತಾನೆ. ಮೊದಲನೆಯವರು ‘ಡಿಪ್ಲೊಮ್ಯಾಟ್’ ಕೌಶಲಕ್ಕೆ ಹಾಕಿದ ಅಂಕಗಳು ದಂಡ. ಇದು ನ್ಯಾಯವಲ್ಲ.

ಆದರೆ ಬರೀ ದಾಳದಿಂದಲೂ ಆಗದು. ಮೊದಲು ಆಟಗಾರರು ಎರಡು ಸಂಗತಿ ಹೇಳಲಿ: ಎದುರಿನವರಿಂದ ಏನು ಬೇಕು, ಅದಕ್ಕೆ ಯಾವ ದಾರಿ ಹಿಡಿಯುತ್ತಾರೆ. ಹೆದರಿಸುವುದೋ, ಆಸೆ ತೋರಿಸುವುದೋ, ಸುಳ್ಳೋ, ಕಾನೂನಿನ ಮಾತೋ? ಆಮೇಲೆ ರೆಫರಿ ಕೌಶಲವನ್ನೂ ಕಷ್ಟವನ್ನೂ ನಿಗದಿ ಮಾಡಲಿ. ನಟನೆ ಎಷ್ಟು ಚೆಂದ ಇತ್ತು ಎಂದು ಅಂಕ ಕೊಡಬೇಡಿ. ವಾದದಲ್ಲಿ ಎದುರಿನವರಿಗೆ ನಿಜವಾಗಿ ಬೇಕಾದದ್ದು ಇತ್ತೇ ಅನ್ನುವುದಕ್ಕೆ ಕೊಡಿ.

ಒಂದು ಉದಾಹರಣೆ ಪೂರ್ತಿ ತೋರಿಸುತ್ತೀರಾ?

ಸ್ಟಾರ್‌ಪೋರ್ಟ್, ಅಂದರೆ ಬಾಹ್ಯಾಕಾಶ ಹಡಗುಗಳ ಬಂದರಿನ ಕಸ್ಟಮ್ಸ್ ಕಟ್ಟೆ. ಹಡಗಿನಲ್ಲಿ ಔಷಧಿಯ ನಲವತ್ತು ಪೆಟ್ಟಿಗೆ. ಅದರಲ್ಲಿ ಎರಡು ಲೆಕ್ಕಕ್ಕೆ ಬಾರದ್ದು. ಅಧಿಕಾರಿಯ ಪಾಳಿ ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಅವರಿಗೆ ಬೇಕಾದ್ದು ಎರಡು: ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕು, ನಾಳೆ ಯಾರೂ ಬೆರಳು ತೋರಿಸಬಾರದು.

ಮೊದಲು ಪಣ ಏನೆಂದು ಮೇಜಿನ ಮೇಲೆ ಬಾಯಿಬಿಟ್ಟು ಹೇಳಿ. ಗೆದ್ದರೆ ಕಾಗದಪತ್ರ ಮಾತ್ರ ನೋಡಿ ಮುದ್ರೆ ಒತ್ತುತ್ತಾರೆ. ಸೋತರೆ ಪೆಟ್ಟಿಗೆ ತೆರೆಯುತ್ತಾರೆ. ಎಲ್ಲರೂ ಒಪ್ಪಿದ ಮೇಲೆ ದಾಳ.

ಆಟಗಾರ್ತಿಯ ಪಾತ್ರಕ್ಕೆ ‘ಪರ್ಸುಯೇಡ್’ (ಮಾತಿನಲ್ಲಿ ಒಪ್ಪಿಸುವ ಕೌಶಲ) 1, ಸಾಮಾಜಿಕ ಸ್ಥಾನ 9, ಅಂದರೆ +1. ಒಟ್ಟು +2. ಸಾಧಾರಣ ಕೆಲಸವಾದರೆ ದಾಳದಲ್ಲಿ 6 ಬಿದ್ದರೆ ಸಾಕು, ಶೇ 72. ಕಳೆದ ಸಲ ಇದೇ ಅಧಿಕಾರಿಯ ಜೊತೆ ಜಗಳ ಆಗಿದ್ದರೆ ‘ಕಷ್ಟ’ಕ್ಕೆ ಏರಿಸಿ: 8 ಬೇಕು, ಶೇ 42. ಪಾಳಿ ಮುಗಿಯುವ ಹೊತ್ತು ಎಂದು ಗಮನಿಸಿ, “ನಲವತ್ತೂ ಪೆಟ್ಟಿಗೆ ತೆರೆದರೆ ರಾತ್ರಿ ಹನ್ನೊಂದಾಗುತ್ತೆ ಸರ್, ಪಟ್ಟಿ ಇಲ್ಲೇ ಇದೆ” ಎಂದರೆ ಬೂನ್.

ಗರ ಬಿದ್ದದ್ದು 5 ಎನ್ನಿ. ಸಾಧಾರಣ ಗುರಿಗೆ 5+2=7, ಎಫೆಕ್ಟ್ -1. ಇಲ್ಲಿಯೇ ಅನೇಕ ರೆಫರಿಗಳು “ಆಗಲಿಲ್ಲ” ಎಂದು ಬಾಗಿಲು ಮುಚ್ಚುವುದು. ನಿಯಮದ ಪ್ರಕಾರ -1 ಅಂದರೆ ಕೂದಲೆಳೆಯ ಸೋಲು. ಅಧಿಕಾರಿ ಒಂದೇ ಪೆಟ್ಟಿಗೆ ತೆರೆಸುತ್ತಾರೆ, ಯಾವುದೆಂದು ಅವರೇ ಬೆರಳು ಮಾಡುತ್ತಾರೆ. ಎಫೆಕ್ಟ್ -2ರಿಂದ -5 ಆದರೆ ಐದಾರು ಪೆಟ್ಟಿಗೆ. -6 ಅಥವಾ ಕೆಳಗೆ ಬಿದ್ದರೆ ಕಾವಲುಗಾರರಿಗೆ ಫೋನು. ಮೇಲಿನ ದಿಕ್ಕಿನಲ್ಲೂ ಹಾಗೆಯೇ: 0 ಆದರೆ ಬಿಡುತ್ತಾರೆ, ಆದರೆ ಹಡಗಿನ ಹೆಸರು ಬರೆದಿಟ್ಟುಕೊಳ್ಳುತ್ತಾರೆ, 6 ಅಥವಾ ಮೇಲಾದರೆ ಮುಂದಿನ ಸಲಕ್ಕೂ ಪರಿಚಯ ಉಳಿಯುತ್ತದೆ.

ಪರ್ಸುಯೇಡ್ ಗೆದ್ದರೆ ಎದುರಿನವರು ಏನು ಹೇಳಿದರೂ ಕೇಳಬೇಕೆ?

ಇಲ್ಲ. ದಾಳ ಮನಸ್ಸನ್ನು ಒಲಿಸುತ್ತದೆಯೇ ಹೊರತು ಮನುಷ್ಯನನ್ನು ಬದಲಿಸುವುದಿಲ್ಲ. ರೆಫರಿ ಆಡಿಸುವ ಮುಖ್ಯ ಪಾತ್ರಗಳಿಗೆಲ್ಲ ಮೂರು ಸಾಲು ಬರೆದಿಟ್ಟುಕೊಳ್ಳಿ: ಏನು ಬೇಕು, ಯಾವುದಕ್ಕೆ ಅಂಜುತ್ತಾರೆ, ಏನೇ ಆದರೂ ಮಾಡದ ಕೆಲಸ ಯಾವುದು. ಮೂರನೆಯ ಸಾಲಿಗೆ ತಾಗುವ ಕೋರಿಕೆಗೆ ದಾಳವೇ ಇಲ್ಲ, “ಇದಕ್ಕೆ ಅವರು ಒಪ್ಪುವುದಿಲ್ಲ, ಬೇರೆ ಏನು ಕೇಳುತ್ತೀರಿ?” ಎಂದು ನೇರವಾಗಿ ಹೇಳಿ. ದಾಳ ಹಾಕಿಸಿ, 12 ಬಿದ್ದ ಮೇಲೆ ಇಲ್ಲ ಅನ್ನುವುದು ಮೋಸ.

ಆಟಗಾರರ ಪಾತ್ರಗಳು ಒಬ್ಬರನ್ನೊಬ್ಬರು ದಾಳದಿಂದ ಒಪ್ಪಿಸಬಹುದೇ?

ಬೇಡ. ತನ್ನ ಪಾತ್ರದ ನಿರ್ಧಾರ ಆಯಾ ಆಟಗಾರನದು. ಇಬ್ಬರೂ ಮುಂಚೆಯೇ ಒಪ್ಪಿ ಪಣ ಕಟ್ಟಿದರೆ ಮಾತ್ರ ಹಾಕಿ.

ಅಪರಿಚಿತರು ಎದುರಾದಾಗ ಅವರು ಸ್ನೇಹಿತರೋ ಶತ್ರುಗಳೋ ಹೇಗೆ ನಿರ್ಧರಿಸುವುದು?

1977ರ ಪುಸ್ತಕದಲ್ಲಿ ಇದಕ್ಕೊಂದು ಪಟ್ಟಿ ಇದೆ; ಇವತ್ತಿಗೂ ಅದಕ್ಕಿಂತ ಉಪಯುಕ್ತವಾದದ್ದು ಕಡಿಮೆ. ಎರಡು ದಾಳ ಹಾಕಿ. 2 ಬಿದ್ದರೆ ತಕ್ಷಣ ಹಲ್ಲೆ. 3ರಿಂದ 5 ಹಗೆತನ. 3 ಬಿದ್ದರೆ ಇನ್ನೊಮ್ಮೆ ದಾಳ ಹಾಕಿ: 5 ಅಥವಾ ಹೆಚ್ಚು ಬಂದರೆ ದಾಳಿ; 4 ಬಿದ್ದಿದ್ದರೆ 8 ಅಥವಾ ಹೆಚ್ಚು ಬಂದರೆ ದಾಳಿ. 6 ಅಸಡ್ಡೆ, 7 ಎತ್ತಲೂ ಇಲ್ಲ, 8 ಆಸಕ್ತಿ. ಹೀಗೆ ಏರುತ್ತ 12 ನಿಜವಾದ ಸ್ನೇಹ.

ಇದರ ಗುಣ ಏನೆಂದರೆ 2 ಬೀಳುವುದು 36ಕ್ಕೆ ಒಂದೇ ಸಲ. ಎದುರಾದವರೆಲ್ಲ ಬಂದೂಕು ಎತ್ತುವ ಲೋಕ ಅದಲ್ಲ. ಹೆಚ್ಚಿನ ಸಲ ಮಾತಿಗೆ ಜಾಗ ಇರುತ್ತದೆ, ಆ ಜಾಗದಲ್ಲೇ ಕಥೆ ಹುಟ್ಟುತ್ತದೆ. ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ಅನುಕೂಲ: ಪಟ್ಟಿಯಲ್ಲಿ ಏನು ಬಿತ್ತೆಂದು ರೆಫರಿ ಹೇಳಬೇಕಾಗಿಯೇ ಇಲ್ಲ. ಕಾವಲುಗಾರ “ಬನ್ನಿ, ಎಲ್ಲಿಂದ ಬಂದಿರಿ?” ಅಂದನೋ “ಏಯ್, ಎಲ್ಲಿಗೆ ಹೊರಟೆ?” ಅಂದನೋ ಅನ್ನುವುದರಲ್ಲೇ ಆಟಗಾರರಿಗೆ ಗೊತ್ತಾಗುತ್ತದೆ.

ಸಂಧಾನ, ವಿಚಾರಣೆಯಂಥ ಉದ್ದದ ವಾದಕ್ಕೆ ಒಂದೇ ದಾಳ ಸಪ್ಪೆ ಎನಿಸುತ್ತದೆ. ಏನು ಮಾಡುವುದು?

ಮೂರು ದಾರಿ ಇವೆ, ಮೂರಕ್ಕೂ ಬೇರೆ ಬೇರೆ ಸಂದರ್ಭ.

ಟ್ರಾವೆಲರ್‌ನಲ್ಲೇ ಇರುವುದು ‘ಟಾಸ್ಕ್ ಚೈನ್’. ಒಬ್ಬರ ಕೆಲಸದ ಎಫೆಕ್ಟ್ ಮುಂದಿನವರ ದಾಳಕ್ಕೆ ಕೂಡುತ್ತದೆ. 0 ಬಂದರೆ +1, 1ರಿಂದ 5ಕ್ಕೆ +2, 6 ಅಥವಾ ಹೆಚ್ಚಿಗೆ +3. -1ಕ್ಕೆ -1, -2ರಿಂದ -5ಕ್ಕೆ -2, ಅದಕ್ಕೂ ಕೆಳಗೆ -3. ಒಬ್ಬರು ‘ಸ್ಟ್ರೀಟ್‌ವೈಸ್’ನಿಂದ ಸರಿಯಾದ ದಲ್ಲಾಳಿಯನ್ನು ಪತ್ತೆ ಹಚ್ಚಲಿ, ಇನ್ನೊಬ್ಬರು ‘ಕರೌಸ್’ನಿಂದ ಅವನ ಜೊತೆ ಕೂತು ಕುಡಿದು ಗುಟ್ಟು ತೆಗೆಯಲಿ, ಮೂರನೆಯವರು ‘ಬ್ರೋಕರ್’ನಿಂದ ಬೆಲೆ ಕುದುರಿಸಲಿ. ಎಲ್ಲ ಕಡೆ ಒಬ್ಬನೇ ಮಾತಾಡುತ್ತಾನೆ ಅನ್ನುವ ದೂರಿಗೂ ಇದೇ ಮದ್ದು.

2009ರ ‘ಡಯಾಸ್ಪೊರಾ’ ಇನ್ನೊಂದು ದಾರಿ ಹಿಡಿಯಿತು. ಅದು ಫೇಟ್ ಪದ್ಧತಿಯ ಆಟ; ವೈಯಕ್ತಿಕ ಕಾಳಗ, ಹಡಗುಗಳ ಕಾಳಗ, ಪ್ಲಟೂನ್ ಕಾಳಗದ ಜೊತೆಗೆ ಮಾತಿನ ಕಾಳಗಕ್ಕೂ ಅಲ್ಲಿ ನಕ್ಷೆ ಬಿಡಿಸುತ್ತಾರೆ. ನಕ್ಷೆಯ ಮನೆಗಳು ಸ್ಥಳಗಳಲ್ಲ, ಅಭಿಪ್ರಾಯಗಳು: ಒಂದು ತುದಿಯಲ್ಲಿ ‘ಯುದ್ಧ ಸಾರೋಣ’, ಇನ್ನೊಂದು ತುದಿಯಲ್ಲಿ ‘ಒಪ್ಪಂದ ಮಾಡೋಣ’. ಸಭೆಯ ಸದಸ್ಯರನ್ನು ಒಂದು ಮನೆಯಿಂದ ಇನ್ನೊಂದಕ್ಕೆ ತಳ್ಳುವುದೇ ಆಟ, ಗೊತ್ತುಪಡಿಸಿದ ಸುತ್ತುಗಳೊಳಗೆ. ಫೇಟ್ ದಾಳ ಇಲ್ಲದವರು ಮಾಮೂಲಿ ದಾಳ ನಾಲ್ಕು ಹಾಕಿ, 1–2 ಬಿದ್ದರೆ ಕಳೆ, 3–4 ಖಾಲಿ, 5–6 ಕೂಡು ಎಂದು ಎಣಿಸಬಹುದು. ಅಲ್ಲಿ ಮೊತ್ತ -1, 0, +1ರೊಳಗೆ ಬೀಳುವುದು ಶೇ 63, ಆದ್ದರಿಂದ ಕೌಶಲದಲ್ಲಿ 2ರ ಅಂತರ ಇದ್ದರೆ ಅದೃಷ್ಟಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಅನೇಕ ಬಣಗಳಿರುವ ಸಭೆಗೆ ಇದು ಹೇಳಿ ಮಾಡಿಸಿದ್ದು. ಇಬ್ಬರ ನಡುವಿನ ಚೌಕಾಸಿಗೆ ಅತಿಯಾಯಿತು.

ಮೂರನೆಯದು ಲ್ಯೂಕ್ ಕ್ರೇನ್ ಅವರ ‘ಬರ್ನಿಂಗ್ ಎಂಪೈರ್ಸ್’, 2006. ಎರಡೂ ಕಡೆಯವರು ತಮ್ಮ ಬೇಡಿಕೆ ಮೊದಲೇ ಘೋಷಿಸುತ್ತಾರೆ, ಮುಂದಿನ ಮೂರು ನಡೆಗಳನ್ನು ಗುಟ್ಟಾಗಿ ಬರೆದಿಡುತ್ತಾರೆ, ಒಂದೊಂದಾಗಿ ತೆರೆಯುತ್ತಾರೆ. ಅದರ ಅತ್ಯುತ್ತಮ ಯೋಚನೆ ಬೇರೆ: ಗೆದ್ದವರು ಗೆಲ್ಲುವಷ್ಟರಲ್ಲಿ ಎಷ್ಟು ಕಳೆದುಕೊಂಡಿದ್ದಾರೋ ಅಷ್ಟು ಸೋತವರಿಗೆ ಬಿಟ್ಟುಕೊಡಬೇಕು.

ಈ ಯೋಚನೆಯನ್ನು ಟ್ರಾವೆಲರ್‌ಗೆ ಸುಲಭವಾಗಿ ತರಬಹುದು. ಎರಡು ಕಡೆಗೂ 6 ಅಂಕ ಕೊಡಿ. ಪ್ರತಿ ಸರದಿಯಲ್ಲಿ ಇಬ್ಬರೂ ದಾಳ ಹಾಕಲಿ. ಎಫೆಕ್ಟ್ ಕಡಿಮೆ ಬಂದವರು ಎರಡರ ವ್ಯತ್ಯಾಸದಷ್ಟು ಅಂಕ ಕಳೆದುಕೊಳ್ಳಲಿ. ಒಬ್ಬರು ಸೊನ್ನೆಗಿಳಿದಾಗ ವಾದ ಮುಗಿಯಿತು. ಗೆದ್ದವರು ಒಂದೆರಡು ಅಂಕ ಕಳೆದುಕೊಂಡಿದ್ದರೆ ಚಿಕ್ಕ ರಿಯಾಯಿತಿ, ಮೂರು ಅಥವಾ ಹೆಚ್ಚಾದರೆ ದೊಡ್ಡದು. ಸಮಬಲರ ನಡುವೆ ಸಾಮಾನ್ಯವಾಗಿ ಮೂರರಿಂದ ಐದು ಸರದಿಯಲ್ಲಿ ತೀರ್ಮಾನವಾಗುತ್ತದೆ. ಪ್ರತಿ ಸರದಿಗೂ ಹೊಸ ವಾದ ಕಡ್ಡಾಯ ಮಾಡಿ; ಹೊಸದು ಸಿಗದವರು ಬೇನ್‌ನಲ್ಲಿ ಹಾಕಲಿ. ಇದಿಲ್ಲದಿದ್ದರೆ ಬರೀ ದಾಳದ ಸದ್ದು ಕೇಳುತ್ತದೆ.

ಮಾತು ಕೆಟ್ಟು ಬಂದೂಕು ಹೊರಬಂದಾಗ ಮೊದಲ ಗುಂಡು ಯಾರದು?

“ನಾನು ಶೂಟ್ ಮಾಡ್ತೀನಿ” ಎಂದು ಮೊದಲು ಕೂಗಿದ ಆಟಗಾರನದಲ್ಲ. ಎಲ್ಲರೂ ಚುರುಕುತನ ಅಥವಾ ಬುದ್ಧಿಯ ಮೇಲೆ ದಾಳ ಹಾಕಿ, ಎಫೆಕ್ಟ್‌ನ ಕ್ರಮದಲ್ಲಿ ಆಡುತ್ತಾರೆ. ಪ್ರತಿ ಕಡೆಯಿಂದ ಒಬ್ಬರು ಸೈನ್ಯದ ‘ಟ್ಯಾಕ್ಟಿಕ್ಸ್’ ಹಾಕಬಹುದು. ಅದರ ಎಫೆಕ್ಟ್ ಆ ಕಡೆಯ ಎಲ್ಲರಿಗೂ ಕೂಡುತ್ತದೆ, ಋಣ ಬಂದರೆ ಕಳೆಯುತ್ತದೆ ಕೂಡ. ಮಾತು ನಡೆಯುತ್ತಿದ್ದಾಗಲೇ ಆಯುಧ ಎತ್ತಿದವರಿಗೆ ಅದಕ್ಕೂ ಮುನ್ನ ‘ಡಿಸೆಪ್ಷನ್’ (ಕಣ್ಣು ತಪ್ಪಿಸುವ ಕೌಶಲ) ದಾಳ ಕೇಳಿ. ಎದುರಿನವರು ಅವರ ಕೈಯನ್ನೇ ನೋಡುತ್ತಿರುತ್ತಾರಲ್ಲ.

ಗುಂಡಿನ ಒಂದು ಸುತ್ತನ್ನು ಹಂತಹಂತವಾಗಿ ವಿವರಿಸಿ.

ಸುತ್ತು ಅಂದರೆ ಆರು ಸೆಕೆಂಡು. ಅದರಲ್ಲಿ ಒಂದು ದೊಡ್ಡ ಕೆಲಸ, ಒಂದು ಸಣ್ಣ ಕೆಲಸ. ಗುಂಡು ಹಾರಿಸುವುದು ದೊಡ್ಡದು. ಗುರಿ ಹಿಡಿಯುವುದು, ಸರಿದು ನಿಲ್ಲುವುದು ಸಣ್ಣದು.

ನಮ್ಮ ಪೈಲಟ್ ಕೈಯಲ್ಲಿ ಆಟೊಪಿಸ್ಟಲ್, ಎಂಟು ಮೀಟರ್ ದೂರದಲ್ಲಿ ದರೋಡೆಕೋರ. ಆ ಪಿಸ್ತೂಲಿನ ವ್ಯಾಪ್ತಿ 10 ಮೀಟರ್, ಹಾಗಾಗಿ ದೂರದ ಮಾರ್ಪಾಡು ಇಲ್ಲ. ಎರಡೂವರೆ ಮೀಟರ್ ಒಳಗಿದ್ದರೆ +1, ಇಪ್ಪತ್ತರವರೆಗೆ -2, ನಲವತ್ತರವರೆಗೆ -4 ಆಗುತ್ತಿತ್ತು. ‘ಗನ್ ಕಾಂಬ್ಯಾಟ್’ 1, ಚುರುಕುತನ 9ಕ್ಕೆ +1. ಸಣ್ಣ ಕೆಲಸದಲ್ಲಿ ಗುರಿ ಹಿಡಿದದ್ದಕ್ಕೆ +1. ದರೋಡೆಕೋರ ತಪ್ಪಿಸಿಕೊಳ್ಳಲು ಬಗ್ಗುತ್ತಾನೆ: ಅವನ ಚುರುಕುತನದ +1 ಪೈಲಟ್‌ಗೆ -1 ಆಗುತ್ತದೆ, ಆದರೆ ಬಗ್ಗಿದ್ದಕ್ಕೆ ಅವನ ಮುಂದಿನ ಕೆಲಸಗಳಿಗೂ -1.

ಗರ 9. ಒಟ್ಟು 9+1+1+1-1=11, ಎಫೆಕ್ಟ್ +3. ಆಟೊಪಿಸ್ಟಲ್‌ನ ಪೆಟ್ಟು ಮೂರು ದಾಳದಲ್ಲಿ 3 ಕಳೆದದ್ದು: 4, 5, 3 ಬಿದ್ದರೆ 12-3=9. ಎಫೆಕ್ಟ್ ಸೇರಿ 12. ಕವಚದ ರಕ್ಷಣೆ 5 ಕಳೆದರೆ 7 ಒಳಗೆ ಹೋಗುತ್ತದೆ. ಪೆಟ್ಟು ಮೊದಲು ತಾಳಿಕೆಯಿಂದ ಇಳಿಯುತ್ತದೆ. ಅವನ ತಾಳಿಕೆ 7 ಪೂರ್ತಿ ಖಾಲಿ. ಮುಂದಿನ ಪೆಟ್ಟು ಬಲದಿಂದಲೋ ಚುರುಕುತನದಿಂದಲೋ ಎಂಬುದು ಗಾಯಗೊಂಡವರ ಆಯ್ಕೆ. ಎರಡು ಗುಣ ಸೊನ್ನೆಯಾದರೆ ಪ್ರಜ್ಞೆ ತಪ್ಪುತ್ತದೆ, ಮೂರೂ ಸೊನ್ನೆಯಾದರೆ ಸಾವು.

ಮೊದಲ ಕಾಳಗದಲ್ಲೇ ಎಲ್ಲರೂ ಸತ್ತರು. ಎಲ್ಲಿ ತಪ್ಪಿದೆವು?

ಸಾಮಾನ್ಯ ಮನುಷ್ಯನ ಮೂರು ಗುಣ ಸೇರಿ 21. ರೈಫಲ್‌ನ ಮೂರು ದಾಳದ ಸರಾಸರಿ 10.5, ಅದರ ಮೇಲೆ ಎಫೆಕ್ಟ್. ಕವಚ ಇಲ್ಲದವರು ಎರಡನೇ ಗುಂಡಿಗೆ ನೆಲ ಕಾಣುತ್ತಾರೆ. ಬೇರೆ ಆಟಗಳಲ್ಲಿ ಹಂತ ಏರಿದಂತೆ ಪ್ರಾಣಾಂಕ ಬೆಳೆಯುತ್ತದೆ, ಟ್ರಾವೆಲರ್‌ನಲ್ಲಿ ಹಾಗೆ ಬೆಳೆಯುವುದಿಲ್ಲ. ಬಯಲಲ್ಲಿ ನಿಂತು ಸರದಿ ಪ್ರಕಾರ ಗುಂಡು ಹಾರಿಸಿಕೊಂಡರೆ ಯಾರೂ ಉಳಿಯರು. ಮರೆ ಹಿಡಿಯಿರಿ, ದೂರ ಕಾಪಾಡಿ, ಓಡುವ ದಾರಿ ನೋಡಿಟ್ಟುಕೊಂಡೇ ಒಳಗೆ ಹೋಗಿ.

ಉಲ್ಟಾ ದೂರೂ ಬರುತ್ತದೆ: ಗುಂಡು ತಾಗಿದರೂ ಏನೂ ಆಗುತ್ತಿಲ್ಲ ಎಂದು. ಕವಚ 8 ಇದ್ದವರ ಮೇಲೆ ಆಟೊಪಿಸ್ಟಲ್‌ನ ಸರಾಸರಿ ಪೆಟ್ಟು 7.5. ಎಫೆಕ್ಟ್ ಸೇರದಿದ್ದರೆ ಹೆಚ್ಚಿನ ಗುಂಡು ಗೀರು ಎಳೆದು ಹೋಗುತ್ತವೆ. ಎದುರಾಳಿಗಳ ಕವಚ ಬರೆಯುವ ಮುನ್ನ ಆಟಗಾರರ ಕೈಯಲ್ಲಿರುವ ಆಯುಧದ ಸರಾಸರಿ ನೋಡಿ, ಅದಕ್ಕಿಂತ ಮೂರು–ನಾಲ್ಕು ಕಡಿಮೆ ಇಡಿ. ಸ್ವಯಂಚಾಲಿತ ಆಯುಧದ ‘ಬರ್ಸ್ಟ್’ (ಒಂದೇ ಸಲಕ್ಕೆ ಹಲವು ಗುಂಡು) ಬಳಸಿದರೆ ಅದರ ‘ಆಟೊ’ ಅಂಕಿ ಪೆಟ್ಟಿನ ಮೊತ್ತಕ್ಕೆ ಕೂಡುತ್ತದೆ, ಅಷ್ಟೇ ಗುಂಡುಗಳು ಖರ್ಚೂ ಆಗುತ್ತವೆ. ಗುಂಡು ಎಣಿಸುವುದನ್ನು ಬಿಡಬೇಡಿ.

ಎದುರಾಳಿಗಳು ಕೊನೆಯವನು ಸಾಯುವವರೆಗೂ ಹೋರಾಡಬೇಕೆ?

ಖಂಡಿತ ಬೇಡ. ನಮ್ಮ ಮಟ್ಟಿಗೆ ಇಡೀ ಪುಟದಲ್ಲಿ ಅತಿ ಮುಖ್ಯ ಉತ್ತರ ಇದು. ಸಂಬಳಕ್ಕೆ ನಿಂತ ಕಾವಲುಗಾರ ಸರಕಿಗಾಗಿ ಸಾಯುವುದಿಲ್ಲ. 1977ರ ನಿಯಮ ಹೀಗಿದೆ: ಗುಂಪಿನ ಕಾಲುಭಾಗ ಬಿದ್ದ ಮೇಲೆ ಧೈರ್ಯದ ದಾಳ ಹಾಕಲು ಶುರು, 7 ಅಥವಾ ಹೆಚ್ಚು ಬಿದ್ದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಚದುರುತ್ತಾರೆ. ಎಂಟು ಜನರಲ್ಲಿ ಇಬ್ಬರು ಬಿದ್ದ ಕೂಡಲೇ ಹಾಕಿ. ನಿಲ್ಲುವ ಸಾಧ್ಯತೆ ಶೇ 58. ‘ಸ್ಟಾರ್ಸ್ ವಿದೌಟ್ ನಂಬರ್’ನಲ್ಲಿ ಪ್ರತಿ ಎದುರಾಳಿಗೂ ಧೈರ್ಯದ ಅಂಕಿ ಇದೆ, ಎರಡು ದಾಳ ಅದನ್ನು ಮೀರಿದರೆ ಕಾಲ್ಕೀಳುತ್ತಾರೆ.

ಧೈರ್ಯ ಮುರಿದ ಕ್ಷಣ ಕಾಳಗ ಮತ್ತೆ ಮಾತಾಗುತ್ತದೆ. ಕೈ ಮೇಲೆತ್ತಿದವನಿಗೆ ಏನು ಗೊತ್ತು, ಬಿಟ್ಟರೆ ಯಾರಿಗೆ ಸುದ್ದಿ ಮುಟ್ಟಿಸುತ್ತಾನೆ? ಶರಣಾದವರಿಗೆ ಆಟಗಾರರು ಕೊಟ್ಟ ಮಾತು ರೆಫರಿಯ ಟಿಪ್ಪಣಿಯಲ್ಲಿರಲಿ. ಮುಂದಿನ ಬಂದರಿನಲ್ಲಿ ಅದೇ ಬೂನ್ ಅಥವಾ ಬೇನ್ ಆಗಿ ಬರಬೇಕು.

ಆಟಗಾರರ ಪಾತ್ರಗಳಿಗೆ ಭಯ ಇಲ್ಲವೇ?

ಟ್ರಾವೆಲರ್ ಅದನ್ನು ಹೆಚ್ಚಾಗಿ ಆಟಗಾರರಿಗೇ ಬಿಟ್ಟಿದೆ. ಭಯವೇ ಮುಖ್ಯವಾದ ಆಟ ಬೇಕಿದ್ದರೆ ಫ್ರೀ ಲೀಗ್ 2019ರಲ್ಲಿ ತಂದ ‘ಏಲಿಯನ್’ ಆರ್‌ಪಿಜಿ ನೋಡಿ. ಒತ್ತಡ ಏರಿದಂತೆ ಹೆಚ್ಚುವರಿ ದಾಳ ಸಿಗುತ್ತವೆ, ಗೆಲ್ಲುವ ಸಾಧ್ಯತೆಯೂ ಏರುತ್ತದೆ. ಆದರೆ ಆ ದಾಳಗಳಲ್ಲಿ ಒಂದರಲ್ಲಾದರೂ 1 ಬಿದ್ದರೆ ದಿಗಿಲಿನ ಪರೀಕ್ಷೆ: ಒಂದು ದಾಳ ಹಾಕಿ ಒತ್ತಡದ ಅಂಕಿ ಕೂಡಿಸಬೇಕು. 6ರೊಳಗೆ ಬಚಾವ್. ಒತ್ತಡ 3 ಇದ್ದಾಗಲೇ 1 ಬೀಳುವ ಸಾಧ್ಯತೆ ಶೇ 42.

ಗುಂಡು ಹಾರುತ್ತಿರುವಾಗ ಮಾತಾಡಬಹುದೇ?

ಆರು ಸೆಕೆಂಡಿನಲ್ಲಿ ಒಂದು ವಾಕ್ಯ ಹಿಡಿಸುತ್ತದೆ. “ಬಂದೂಕು ಕೆಳಗಿಡಿ, ಪ್ರಾಣ ಉಳಿಯುತ್ತೆ!” ಅನ್ನುವುದನ್ನು ದೊಡ್ಡ ಕೆಲಸವೆಂದು ಎಣಿಸಿ, ಗೆದ್ದರೆ ಎದುರಾಳಿಗಳಿಗೆ ತಕ್ಷಣ ಧೈರ್ಯದ ದಾಳ ಹಾಕಿಸಿ. ಒಪ್ಪಂದದ ಷರತ್ತುಗಳನ್ನು ಚರ್ಚಿಸಲು ಅಲ್ಲಿ ಹೊತ್ತಿಲ್ಲ.

ಹಡಗುಗಳ ಕಾಳಗದಲ್ಲಿ ಚಿತ್ರ ಬೇರೆ. ಅಲ್ಲಿ ಸುತ್ತು ಆರು ನಿಮಿಷ, ಅಂದರೆ ವೈಯಕ್ತಿಕ ಕಾಳಗದ 60 ಸುತ್ತು. ಪೈಲಟ್ ತಿರುಗಿಸುತ್ತಾ, ಗನ್ನರ್ ಲೇಸರ್ ಹಾರಿಸುತ್ತಾ, ಎಂಜಿನಿಯರ್ ಯಂತ್ರಕ್ಕೆ ಹೆಣಗುತ್ತಾ ಇರುವಾಗ ಕ್ಯಾಪ್ಟನ್ ರೇಡಿಯೊದಲ್ಲಿ ಪೂರ್ತಿ ಸಂಧಾನವನ್ನೇ ನಡೆಸಬಹುದು. ಪ್ರತಿ ಸುತ್ತಿಗೆ ಒಂದು ಮಾತಿನ ದಾಳ ಕೊಡಿ. ಆ ಸುತ್ತಿನಲ್ಲಿ ಲೇಸರ್ ತಾಗಿತೋ ಇಲ್ಲವೋ ಅನ್ನುವುದರ ಮೇಲೆ ಬೂನ್ ಅಥವಾ ಬೇನ್. ಕ್ಷಿಪಣಿ ಹೊರಟು ದಾರಿಯಲ್ಲಿರುವಾಗ ನಡೆಯುವ ಮಾತಿನ ಬಿಸಿಯೇ ಬೇರೆ.

ಎಚ್ಚರಿಕೆ ಒಂದೇ: ಹಡಗೊಳಗೆ ನುಗ್ಗಿದವರ ಜೊತೆ ಕೈಕೈ ಹತ್ತಿದಾಗ ಎರಡೂ ಗಡಿಯಾರಗಳನ್ನು ಒಟ್ಟಿಗೆ ಓಡಿಸಬೇಡಿ. ಒಳಗಿನವರು ಅರವತ್ತು ಸುತ್ತು ಆಡುವವರೆಗೆ ಹೊರಗಿನ ಗನ್ನರ್ ಸುಮ್ಮನೆ ಕೂರಬೇಕಾಗುತ್ತದೆ. ಒಳಗಿನ ಕಾಳಗವನ್ನು ಪೂರ್ತಿ ಮುಗಿಸಿ, ಆಮೇಲೆ ಹೊರಗೆ ಒಂದು ಸುತ್ತು ಕಳೆಯಿತೆಂದು ಬರೆಯಿರಿ.

ನಮ್ಮ ಆಟಗಾರರು ಎಲ್ಲದಕ್ಕೂ ಬಂದೂಕೇ ಎತ್ತುತ್ತಾರೆ. ತಡೆಯುವುದು ಹೇಗೆ?

ಗ್ರಹದ ‘ಲಾ ಲೆವೆಲ್’, ಅಂದರೆ ಅಲ್ಲಿನ ಕಾನೂನು ಎಷ್ಟು ಬಿಗಿ ಎನ್ನುವ ಅಂಕಿ ನೋಡಿ. ಆಟದಲ್ಲೇ ಇರುವ ಈ ಅಂಕಿಯನ್ನು ಬಹಳ ಜನ ಗ್ರಹ ಸೃಷ್ಟಿಸುವಾಗ ಬರೆದು ಮರೆತುಬಿಡುತ್ತಾರೆ. 2 ಮುಟ್ಟಿದರೆ ಕೈಯಲ್ಲಿ ಹಿಡಿಯುವ ಲೇಸರ್ ನಿಷಿದ್ಧ, 5ಕ್ಕೆ ಬಚ್ಚಿಡಬಹುದಾದ ಪಿಸ್ತೂಲು, 9ಕ್ಕೆ ಆಯುಧ ಹಿಡಿದು ಬೀದಿಗಿಳಿಯುವಂತೆಯೇ ಇಲ್ಲ. ಲಾ ಲೆವೆಲ್ 6ರ ಊರಿನಲ್ಲಿ ರೈಫಲ್ ಹೊತ್ತು ಇಳಿದವರನ್ನು ಕಟ್ಟೆಯಲ್ಲೇ ತಡೆಯುತ್ತಾರೆ. ಆಗ ‘ಅಡ್ಮಿನ್’, ‘ಅಡ್ವೊಕೇಟ್’ ಕೌಶಲ ಇರುವವರಿಗೆ ಕೆಲಸ. ಆಟಗಾರರನ್ನು ಬೈಯಬೇಕಿಲ್ಲ. ಮುಂದಿನ ಮೂರು ಬಂದರುಗಳ ಲಾ ಲೆವೆಲ್ ಅನ್ನು ಮೊದಲೇ ಕೈಗೆ ಕೊಡಿ, ಯಾವ ಆಯುಧ ಹಡಗಿನ ಲಾಕರ್‌ನಲ್ಲಿ ಉಳಿಯುತ್ತದೆ ಎಂದು ಅವರೇ ಪಟ್ಟಿ ಮಾಡಿಕೊಳ್ಳುತ್ತಾರೆ.